ಬೆಳಕಿನಿಂದ ವೈರಾಣು ಪತ್ತೆ: ಚಿಪ್ ಮೇಲಿನ ಪ್ರಯೋಗಾಲಯದ ಸಾಧ್ಯತೆ ಮತ್ತು ಮಿತಿ

ಇನ್‌ಫ್ಲುಯೆಂಜಾ ವೈರಾಣುವಿನ ವ್ಯಾಸ ಸುಮಾರು 100 ನ್ಯಾನೋಮೀಟರ್. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರವಾದರೋ 400ರಿಂದ 700 ನ್ಯಾನೋಮೀಟರ್. ತನ್ನ ತರಂಗಾಂತರಕ್ಕಿಂತ ಅಷ್ಟು ಕಿರಿದಾದ ವಸ್ತುವಿನ ಆಕಾರವನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಬೆಳಕು ಬಿಡಿಸಿ ತೋರಿಸಲಾರದು. ಆದರೆ ಆಕಾರವನ್ನು ತೋರಿಸಲಾಗದಿದ್ದರೂ ಇರವನ್ನು ತಿಳಿಸುವ ಶಕ್ತಿ ಅದಕ್ಕುಂಟು. ದ್ರವ ಹರಿಯುವ ಸೂಕ್ಷ್ಮನಾಳಗಳನ್ನು ಹೊಂದಿದ ಪುಟ್ಟ ಚಿಪ್‌ಗಳ ಮೇಲೆ ಈ ಶಕ್ತಿಯನ್ನು ಬಳಸಿಕೊಳ್ಳುವ ಸಂಶೋಧನೆ ಕಳೆದ ಎರಡು ದಶಕಗಳಲ್ಲಿ ಗಣನೀಯವಾಗಿ ಬೆಳೆದಿದೆ.

ಇಂಥ ಒಂದು ವಿಧಾನದ ಮೂಲತತ್ತ್ವ ಕನ್ನಡಿಗರಿಗೆ ಅಪರಿಚಿತವೇನಲ್ಲ. ವಿಜಯಪುರದ ಗೋಳಗುಮ್ಮಟದ ಒಳಸುತ್ತಿನಲ್ಲಿ ಗೋಡೆಯ ಬಳಿ ಪಿಸುಗುಟ್ಟಿದ ಮಾತು ಎದುರು ಬದಿಯವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಧ್ವನಿಯು ಬಾಗಿದ ಗೋಡೆಯ ಅಂಚನ್ನು ಹಿಡಿದೇ ಸಾಗುತ್ತದೆ. ಲಂಡನ್ನಿನ ಸಂತ ಪಾಲರ ಕೆಥೆಡ್ರಲ್‌ನಲ್ಲಿ ಕಂಡುಬರುವ ಇದೇ ವಿದ್ಯಮಾನವನ್ನು ಲಾರ್ಡ್ ರ‍್ಯಾಲೆ ವಿವರಿಸಿದ್ದರು, ಅನಂತರ ಸಿ. ವಿ. ರಾಮನ್ ಅವರೂ ಅದನ್ನು ಅಧ್ಯಯನ ಮಾಡಿದರು. ಧ್ವನಿಯ ಬದಲು ಲೇಸರ್ ಬೆಳಕನ್ನೂ ಗುಮ್ಮಟದ ಬದಲು ಕೂದಲೆಳೆಯಷ್ಟೇ ದಪ್ಪದ ಗಾಜಿನ ಗೋಲಿಯನ್ನೂ ಇಟ್ಟುಕೊಂಡರೆ, ಸಂಪೂರ್ಣ ಆಂತರಿಕ ಪ್ರತಿಫಲನದಿಂದಾಗಿ ಬೆಳಕು ಗೋಲಿಯ ಒಳ ಅಂಚಿನಲ್ಲಿ ಮತ್ತೆ ಮತ್ತೆ ಸುತ್ತುತ್ತದೆ. ಸುತ್ತಿನ ಉದ್ದವು ಗಾಜಿನೊಳಗಿನ ತರಂಗಾಂತರದ ಪೂರ್ಣಾಂಕ ಗುಣಕವಾದಾಗ ಮಾತ್ರ ಅನುರಣನೆ ಉಂಟಾಗುತ್ತದೆ. ಗೋಲಿಯ ಮೈಗೆ ವೈರಾಣುವೊಂದು ಅಂಟಿದೊಡನೆ ಬೆಳಕಿನ ಹಾದಿ ತುಸು ನೀಳವಾಗಿ, ಅನುರಣನೆಯ ತರಂಗಾಂತರವೂ ತುಸು ಹೆಚ್ಚುತ್ತದೆ. 2008ರಲ್ಲಿ ಫ್ರಾಂಕ್ ವೋಲ್ಮರ್, ಸ್ಟೀಫನ್ ಆರ್ನಾಲ್ಡ್ ಮತ್ತು ಡೇವಿಡ್ ಕೆಂಗ್ ಇನ್‌ಫ್ಲುಯೆಂಜಾ-ಎ ವೈರಾಣುಗಳು ಒಂದೊಂದಾಗಿ ಅಂಟುವುದನ್ನು ಹೀಗೆಯೇ ದಾಖಲಿಸಿದರು. ತರಂಗಾಂತರದ ರೇಖೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಮೆಟ್ಟಿಲಿನ ಎತ್ತರದಿಂದ ವೈರಾಣುವಿನ ಗಾತ್ರವನ್ನೂ ಲೆಕ್ಕಹಾಕಲಾಯಿತು.

ಇಲ್ಲಿಗೆ ಸಮಸ್ಯೆ ಬಗೆಹರಿಯಿತೆಂದು ತೋರಬಹುದು. ವಾಸ್ತವವಾಗಿ ಅದು ಆರಂಭವಾಗುವುದೇ ಇಲ್ಲಿಂದ. ಗೋಲಿಯ ಬೆಳಕು ಗಾತ್ರವನ್ನು ಅರಿಯಬಲ್ಲದೇ ಹೊರತು ಹೆಸರನ್ನಲ್ಲ. ರಕ್ತದ್ರವದಲ್ಲಿ ಹೇರಳವಾಗಿರುವ ಪ್ರೋಟೀನುಗಳು ಅಂಟಿದರೂ ತರಂಗಾಂತರ ಪಲ್ಲಟಗೊಳ್ಳುತ್ತದೆ. ಆದ್ದರಿಂದ ಗೋಲಿಯ ಮೈಗೆ ನಿರ್ದಿಷ್ಟ ವೈರಾಣುವನ್ನಷ್ಟೇ ಹಿಡಿಯುವ ಪ್ರತಿಕಾಯಗಳನ್ನು ಲೇಪಿಸಬೇಕಾಗುತ್ತದೆ. ಗುರುತಿಸುವ ಹೊಣೆ ಹೀಗೆ ಭೌತವಿಜ್ಞಾನದಿಂದ ಜೀವರಸಾಯನವಿಜ್ಞಾನಕ್ಕೆ ವರ್ಗಾವಣೆಯಾಗುತ್ತದೆ.

ಇದಕ್ಕಿಂತಲೂ ಕಠಿಣವಾದ ತೊಡಕು ನೀರಿನದು. ಗೋಲಿಯಿಂದ ಹೊರಚಾಚುವ ಬೆಳಕಿನ ಕ್ಷೇತ್ರ ಕೆಲವು ನೂರು ನ್ಯಾನೋಮೀಟರುಗಳಾಚೆಗೆ ಕ್ಷೀಣಿಸಿಹೋಗುವುದರಿಂದ ವೈರಾಣು ತಾನೇ ಅದರ ಬಳಿಗೆ ಬರಬೇಕು. ನಿಶ್ಚಲ ನೀರಿನಲ್ಲಿ 100 ನ್ಯಾನೋಮೀಟರ್ ವ್ಯಾಸದ ಕಣವೊಂದು ಕೇವಲ ವಿಸರಣೆಯಿಂದ 1 ಮಿಲಿಮೀಟರ್ ಸರಿಯಲು ಒಂದು ದಿನಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ದೂರ ಅದರ ಹತ್ತನೆಯ ಒಂದು ಭಾಗಕ್ಕಿಳಿದರೆ ಸುಮಾರು 20 ನಿಮಿಷ ಸಾಕು. ಚಿಪ್‌ನ ನಾಳಗಳು ಕಿರಿದಾಗಿರುವುದರ ಸಾರ್ಥಕತೆ ಇದರಲ್ಲಿದೆ. ಆದರೆ ಕಿರಿದಾದ ನಾಳ ಹಿಡಿಸಿಕೊಳ್ಳುವ ದ್ರವವೂ ಅತ್ಯಲ್ಪ. 1 ಮಿಲಿಲೀಟರ್ ರಕ್ತದಲ್ಲಿ 100 ವೈರಾಣುಗಳಿವೆಯೆಂದುಕೊಂಡರೆ, ಅದರಿಂದ ತೆಗೆದ 1 ಮೈಕ್ರೋಲೀಟರ್ ಹನಿಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಒಂದೂ ಇರುವುದಿಲ್ಲ. ಸಂವೇದಕ ಎಷ್ಟೇ ಸೂಕ್ಷ್ಮವಾಗಿದ್ದರೂ ಇಲ್ಲದ್ದನ್ನು ಅದು ಕಾಣಲಾರದು. ಸೋಂಕಿತನನ್ನು ಸೋಂಕಿಲ್ಲವೆಂದು ಮನೆಗೆ ಕಳುಹಿಸುವ ಅಪಾಯ ಇಲ್ಲಿಯೇ ಅಡಗಿದೆ.

2014-16ರ ಅವಧಿಯಲ್ಲಿ ಪಶ್ಚಿಮ ಆಫ್ರಿಕದಲ್ಲಿ 11,000ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಎಬೋಲಾ ಈ ಪ್ರಶ್ನೆಗೆ ತುರ್ತನ್ನು ತಂದಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕೇಂದ್ರದ ಹೋಲ್ಗರ್ ಶ್ಮಿಟ್ ಮತ್ತು ಅವರ ಸಹಸಂಶೋಧಕರು 2015ರಲ್ಲಿ ಪ್ರಕಟಿಸಿದ ವ್ಯವಸ್ಥೆಯಲ್ಲಿ ಎರಡು ಚಿಪ್‌ಗಳಿದ್ದವು. ಮೊದಲನೆಯದರಲ್ಲಿ ಕಾಂತೀಯ ಮಣಿಗಳು ವೈರಾಣುವಿನ ಆರ್‌ಎನ್‌ಎಯನ್ನು ಮಾತ್ರ ಹಿಡಿದು, ಉಳಿದದ್ದನ್ನು ತೊಳೆದು, ಮಾದರಿಯನ್ನು ಸಾಂದ್ರಗೊಳಿಸುತ್ತಿದ್ದವು. ಎರಡನೆಯದು ಸಿಲಿಕಾನ್ ಚಿಪ್. ಅದರ ಟೊಳ್ಳಾದ ಬೆಳಕಿನ ನಾಳದೊಳಗೇ ದ್ರವ ಹರಿಯುತ್ತಿತ್ತು. ಪ್ರತಿದೀಪ್ತಿ ವರ್ಣ ಸೇರಿಸಿದ ಆರ್‌ಎನ್‌ಎ ಅಣುಗಳು ಲೇಸರ್ ಕಿರಣವನ್ನು ದಾಟುವಾಗ ಒಂದೊಂದಾಗಿ ಮಿನುಗಿದವು. ಪಿಸಿಆರ್ ವಿಧಾನದಂತೆ ಅಣುಗಳನ್ನು ಮೊದಲು ವೃದ್ಧಿಸಿಕೊಳ್ಳುವ ಅಗತ್ಯ ಇಲ್ಲಿರಲಿಲ್ಲ. ಹೋಲಿಕೆಗಾಗಿ ಬಳಸಿದ ಸುಡಾನ್ ಮತ್ತು ಮಾರ್ಬರ್ಗ್ ವೈರಾಣುಗಳ ಮಾದರಿಗಳು ಮಿನುಗಲಿಲ್ಲ. ಈ ಯಶಸ್ಸಿನಲ್ಲಿ ಬೆಳಕಿನಷ್ಟೇ ಪಾಲು ಆ ಮಣಿಗಳಿಗೂ ಸಲ್ಲಬೇಕು. ಆದರೆ ಆರ್‌ಎನ್‌ಎ ದೊರೆಯಬೇಕಾದರೆ ವೈರಾಣುವಿನ ಕವಚವನ್ನು ಮೊದಲೇ ಒಡೆದಿರಬೇಕಾದುದರಿಂದ, ಅದು ಸೋಂಕು ಹರಡುವ ಸ್ಥಿತಿಯಲ್ಲಿತ್ತೇ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ.