ಕಾಫಿ, ಉಕ್ಕು ಮತ್ತು ಆರ್ಥರ್ ಲೂಯಿಸ್

ಕೆರೀಬಿಯನ್ ಸಮುದ್ರದಲ್ಲಿ ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪವಿದೆ. ಸಾಹಿತ್ಯಾಸಕ್ತರು ಅದನ್ನು ಕವಿ ಡೆರೆಕ್ ವಾಲ್ಕಾಟರ ಜನ್ಮಭೂಮಿಯೆಂದು ಬಲ್ಲರು. 1930ರ ಜನವರಿ 23ರಂದು ಅಲ್ಲಿ ಹುಟ್ಟಿದ ವಾಲ್ಕಾಟರಿಗೆ 1992ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅವರಿಗಿಂತ ಸರಿಯಾಗಿ 15 ವರ್ಷ ಮೊದಲು, ಅದೇ ದ್ವೀಪದಲ್ಲಿ, ಅದೇ ಜನವರಿ 23ರಂದು ಇನ್ನೊಬ್ಬರು ಜನಿಸಿದ್ದರು. 1979ರಲ್ಲಿ ಅರ್ಥಶಾಸ್ತ್ರಕ್ಕಾಗಿ ಅದೇ ಪಾರಿತೋಷಕವನ್ನು ಪಡೆದ ಸರ್ ಆರ್ಥರ್ ಲೂಯಿಸ್ ಅವರೇ ಆ ಇನ್ನೊಬ್ಬರು. ಕಾವ್ಯದ ವಿದ್ಯಾರ್ಥಿಯಾದ ನಾನು ಕವಿಯನ್ನು ಹುಡುಕುತ್ತ ಹೋಗಿ ಈ ಅರ್ಥಶಾಸ್ತ್ರಜ್ಞರನ್ನು ಕಂಡೆ. ಇಂದು ಅವರ ಕುರಿತು ಎರಡು ಮಾತು.

ಲೂಯಿಸರ ತಂದೆತಾಯಿಗಳು ಆಂಟಿಗುವಾದಿಂದ ವಲಸೆ ಬಂದ ಶಾಲಾ ಉಪಾಧ್ಯಾಯರು. ಬಾಲಕನಿಗೆ 7 ವರ್ಷವಾದಾಗ ತಂದೆ ತೀರಿಕೊಂಡರು. ಐವರು ಗಂಡುಮಕ್ಕಳನ್ನು ಸಾಕುವ ಹೊಣೆ ತಾಯಿಯ ಮೇಲೆ ಬಿತ್ತು. 14ರ ವಯಸ್ಸಿಗೇ ಶಾಲೆಯ ಓದು ಮುಗಿಸಿದ ಹುಡುಗ, ವಿದ್ಯಾರ್ಥಿವೇತನದ ಪರೀಕ್ಷೆಗೆ ವಯಸ್ಸು ಸಾಲದೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ. 1932ರಲ್ಲಿ ವಿದ್ಯಾರ್ಥಿವೇತನ ಕೈಗೂಡಿದಾಗ ಅವನ ಆಸೆಯಿದ್ದುದು ಎಂಜಿನಿಯರಾಗಬೇಕೆಂದು. ಆದರೆ ಆ ಕಾಲದಲ್ಲಿ ಕರಿಯ ಎಂಜಿನಿಯರಿಗೆ ವಸಾಹತು ಸರ್ಕಾರವೂ ಕೆಲಸ ಕೊಡುತ್ತಿರಲಿಲ್ಲ, ಬಿಳಿಯರ ಕಂಪನಿಗಳೂ ಕೊಡುತ್ತಿರಲಿಲ್ಲ. ಹೀಗೆ ಬಾಗಿಲು ಮುಚ್ಚಿದ್ದರಿಂದಲೇ ಅವರು ಲಂಡನ್ನಿನಲ್ಲಿ ವಾಣಿಜ್ಯ ಮತ್ತು ಅರ್ಥಶಾಸ್ತ್ರಗಳ ವಿದ್ಯಾರ್ಥಿಯಾದರು. 1948ರಲ್ಲಿ, 33ರ ಹರೆಯದಲ್ಲಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಅವರನ್ನು ಕಾಡುತ್ತಿದ್ದ ಪ್ರಶ್ನೆ ಸರಳವಾದುದು. ಉಕ್ಕು ತಯಾರಿಸುವವನು ಸುಖವಾಗಿರುವಾಗ ಕಾಫಿ, ಸಕ್ಕರೆಗಳಿಗಾಗಿ ದುಡಿಯುವವನು ಬಡವನಾಗಿಯೇ ಉಳಿಯುವುದೇಕೆ? ಸೋಮಾರಿತನವೆಂಬ ಉತ್ತರ ಆಳುವವರಿಗೆ ಅನುಕೂಲವಾಗಿತ್ತು. ಕಬ್ಬಿನ ಗದ್ದೆಗಳ ನಡುವೆ ಬೆಳೆದ ಲೂಯಿಸರು ಅದನ್ನು ಒಪ್ಪಲಾರರು. 1952ರ ಆಗಸ್ಟ್ ತಿಂಗಳಲ್ಲಿ ಬ್ಯಾಂಕಾಕಿನ ಬೀದಿಯೊಂದರಲ್ಲಿ ನಡೆದುಹೋಗುತ್ತಿದ್ದಾಗ ಉತ್ತರ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. 1954ರಲ್ಲಿ ಅದು ಪ್ರಸಿದ್ಧ ಪ್ರಬಂಧವಾಯಿತು.

ಅದರ ತಿರುಳು ಇದು. ಮೂವರು ಮಾಡಬಹುದಾದ ಬೇಸಾಯವನ್ನು ಐವರು ಮಾಡುವ ಮನೆಯೊಂದನ್ನು ನೆನೆಯಿರಿ. ಇಬ್ಬರು ಪಟ್ಟಣಕ್ಕೆ ಹೋದರೂ ಫಸಲು ಕುಂದದು. ಇಂಥ ಮನೆಗಳು ಲಕ್ಷಗಟ್ಟಲೆ ಇರುವ ನಾಡಿನಲ್ಲಿ ಕಾರ್ಖಾನೆಯ ಒಡೆಯ ಹಳ್ಳಿಯ ಹೊಟ್ಟೆಪಾಡಿಗಿಂತ ತುಸು ಹೆಚ್ಚು ಕೂಲಿ ಕೊಟ್ಟರೆ ಸಾಕು, ಆಳುಗಳಿಗೆ ಕೊರತೆಯಿಲ್ಲ. ಲಾಭವನ್ನು ಮತ್ತೆ ಬಂಡವಾಳವಾಗಿ ಹೂಡುತ್ತ ಹೋದಂತೆ ಉದ್ಯಮ ಬೆಳೆಯುತ್ತದೆ. ಹಳ್ಳಿಯ ಹೆಚ್ಚುವರಿ ಕೈಗಳು ಮುಗಿದ ದಿನದಿಂದ ಕೂಲಿಯೂ ಏರತೊಡಗುತ್ತದೆ. ಕಾಫಿಯ ಕಥೆಯೂ ಇದೇ. ತೋಟದ ಆಳಿನ ಕೂಲಿಯನ್ನು ನಿರ್ಧರಿಸುವುದು ಕಾಫಿಯ ಹಿರಿಮೆಯಲ್ಲ. ತೋಟವನ್ನು ಬಿಟ್ಟು ಅನ್ನದ ಬೆಳೆ ಬೆಳೆದರೆ ಅವನಿಗೆ ಸಿಗಬಹುದಾದ ಅಲ್ಪ ಆದಾಯ. ಆದ್ದರಿಂದ ಕಾಫಿಯ ಇಳುವರಿಯನ್ನಷ್ಟೇ ಹೆಚ್ಚಿಸಿದರೆ ಲಾಭವಾಗುವುದು ದೂರದೇಶದಲ್ಲಿ ಅದನ್ನು ಕುಡಿಯುವವನಿಗೆ. ದುಡಿಯುವವನ ಬಾಳು ಹಸನಾಗಬೇಕಾದರೆ ಮೊದಲು ಅನ್ನದ ಹೊಲ ಹಸನಾಗಬೇಕು.

ಈ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಹಳ್ಳಿಯಲ್ಲಿ ಹೆಚ್ಚುವರಿ ಕೈಗಳೇ ಇಲ್ಲವೆಂದು ಅಮೆರಿಕದ ಥಿಯೊಡರ್ ಶುಲ್ಟ್ಜ್ ವಾದಿಸಿದರು. ಅದಕ್ಕೆ ಅವರು ಆಧಾರವಾಗಿ ತಂದದ್ದು ನಮ್ಮ ದೇಶದ್ದೇ ದುರಂತವನ್ನು. 1918-19ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಜನ ಸತ್ತಾಗ ಬಿತ್ತನೆಯ ನೆಲವೂ ಕುಗ್ಗಿತೆಂಬುದು ಅವರ ಲೆಕ್ಕ. ಅಮರ್ತ್ಯ ಸೇನ್ ಆ ಲೆಕ್ಕವನ್ನು ಪ್ರಶ್ನಿಸಿದರು. ಕೊನೆಗೆ 1979ರ ಪಾರಿತೋಷಕವನ್ನು ಲೂಯಿಸ್ ಮತ್ತು ಶುಲ್ಟ್ಜ್ ಇಬ್ಬರಿಗೂ ಹಂಚಿಕೊಟ್ಟದ್ದು ಒಂದು ಸ್ವಾರಸ್ಯ.

ಲೂಯಿಸರು ಪೀಠದಲ್ಲಿ ಕುಳಿತು ಉಪದೇಶಿಸುವುದರಲ್ಲಿ ತೃಪ್ತರಾಗಲಿಲ್ಲ. 1957ರಲ್ಲಿ ಹೊಸದಾಗಿ ಸ್ವತಂತ್ರವಾದ ಘಾನಾ ದೇಶಕ್ಕೆ ಎನ್‌ಕ್ರೂಮಾ ಅವರ ಸಲಹೆಗಾರರಾಗಿ ಹೋದರು. ರಾಜಕೀಯ ಪ್ರತಿಷ್ಠೆಯ ಯೋಜನೆಗಳಿಗೆ ಹಣ ಹರಿಯುವುದನ್ನು ವಿರೋಧಿಸಿ ಮರುವರ್ಷವೇ ಹುದ್ದೆಯನ್ನು ಬಿಟ್ಟರು. ತವರಿಗೆ ಮರಳಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯವನ್ನು ಮುನ್ನಡೆಸಿದರು. 1958ರಲ್ಲಿ ರೂಪುಗೊಂಡ ಕೆರೀಬಿಯನ್ ದ್ವೀಪಗಳ ಒಕ್ಕೂಟ 1962ರಲ್ಲಿ ಒಡೆದುಹೋಯಿತು. ಉಳಿದ ಎಂಟು ಸಣ್ಣ ದ್ವೀಪಗಳನ್ನಾದರೂ ಒಂದುಗೂಡಿಸಲು ಅವರು ಪಟ್ಟ ಪಾಡು ಫಲಿಸಲಿಲ್ಲ. ಆ ನೋವನ್ನು 1965ರಲ್ಲಿ ಒಂದು ಕಿರುಹೊತ್ತಿಗೆಯಾಗಿ ಬರೆದರು.

ಆದರೆ ರಾಜಕೀಯ ಸಾಧಿಸಲಾರದ ಕೂಡಿಕೆಯನ್ನು ಒಂದು ಸಂಸ್ಥೆ ಸ್ವಲ್ಪಮಟ್ಟಿಗಾದರೂ ಸಾಧಿಸಬಹುದಲ್ಲವೆ? 1969ರ ಅಕ್ಟೋಬರಿನಲ್ಲಿ ಜಮೈಕದ ಕಿಂಗ್‌ಸ್ಟನ್ನಿನಲ್ಲಿ ಕೆರೀಬಿಯನ್ ಅಭಿವೃದ್ಧಿ ಬ್ಯಾಂಕಿನ ಒಪ್ಪಂದಕ್ಕೆ ಸಹಿ ಬಿತ್ತು. ದ್ವೀಪರಾಷ್ಟ್ರಗಳ ಜೊತೆಗೆ ಬ್ರಿಟನ್ನೂ ಕೆನಡವೂ ಸದಸ್ಯರಾದವು. ಒಂಟಿ ದ್ವೀಪವೊಂದು ಪ್ರಪಂಚದ ಹಣದ ಪೇಟೆಗೆ ಹೋದರೆ ಯಾರೂ ತಿರುಗಿ ನೋಡಲಾರರು. ಎಲ್ಲರೂ ಕೂಡಿ ಹೋದರೆ ಬೆಲೆಯುಂಟು. ಅವರಲ್ಲೂ ಹಿಂದುಳಿದವರಿಗೆ ವಿಶೇಷ ಗಮನ ಕೊಡಬೇಕೆಂಬುದು ಒಪ್ಪಂದದಲ್ಲೇ ಇತ್ತು. ಬಾರ್ಬಡೋಸಿನಲ್ಲಿ ನೆಲೆಗೊಂಡ ಈ ಬ್ಯಾಂಕಿನ ಪ್ರಥಮ ಅಧ್ಯಕ್ಷರಾಗಿ ಲೂಯಿಸರು 1970ರಿಂದ 1973ರವರೆಗೆ ದುಡಿದರು. ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕತ್ವದ ನೆಮ್ಮದಿಯನ್ನು ಬಿಟ್ಟು ಸಾಲದ ಅರ್ಜಿ, ಸಿಬ್ಬಂದಿ, ಕಡತಗಳ ನಡುವೆ ಕೂತರು. ಬಾಲ್ಯದ ಗುಮಾಸ್ತಗಿರಿ ತಮಗೆ ಅಚ್ಚುಕಟ್ಟನ್ನು ಕಲಿಸಿತೆಂದು ಅವರು ನೆನೆಯುತ್ತಿದ್ದರು. ಆ ಪಾಠ ಇಲ್ಲಿ ಒದಗಿಬಂದಿರಬೇಕು.

ಮೂರು ವರ್ಷಗಳಲ್ಲಿ ಬಡತನ ಅಳಿಯಲಿಲ್ಲ; ಅಳಿಯುವುದೆಂದು ಅವರು ನಂಬಿಯೂ ಇರಲಿಲ್ಲ. ಪ್ರಪಂಚದ ವಾಣಿಜ್ಯನಿಯಮಗಳನ್ನು ತಿದ್ದಿದರೆ ಎಲ್ಲವೂ ಸರಿಹೋದೀತೆಂಬ ಕೂಗು ಆ ದಶಕದಲ್ಲಿ ಎದ್ದಾಗಲೂ, ಮೊದಲು ನಿಮ್ಮ ಅನ್ನದ ಹೊಲವನ್ನು ನೋಡಿಕೊಳ್ಳಿ ಎಂಬ ತಮ್ಮ ಹಳೆಯ ಮಾತಿಗೇ ಅವರು ಅಂಟಿಕೊಂಡರು. ಅವರು ಕಟ್ಟಿಕೊಟ್ಟ ಬ್ಯಾಂಕು ಮಾತ್ರ ಉಳಿದು ಬೆಳೆಯಿತು.

1991ರಲ್ಲಿ ಬಾರ್ಬಡೋಸಿನಲ್ಲಿ ತೀರಿಕೊಂಡ ಲೂಯಿಸರ ಸಮಾಧಿ ಸೇಂಟ್ ಲೂಸಿಯಾದ ಗುಡ್ಡದ ಮೇಲೆ, ಅವರ ಹೆಸರನ್ನೇ ಹೊತ್ತ ಕಾಲೇಜಿನ ಆವರಣದಲ್ಲಿದೆ. ಪೂರ್ವ ಕೆರೀಬಿಯನ್ ದ್ವೀಪಗಳ 100 ಡಾಲರಿನ ನೋಟಿನ ಮೇಲೆ ಅವರ ಮುಖ ಅಚ್ಚಾಗಿದೆ. ಎಂಜಿನಿಯರಾಗಲು ಯಾರಿಗೆ ಎಡೆಯಿರಲಿಲ್ಲವೋ ಅವರ ಮುಖ ಇಂದು ಆ ದ್ವೀಪಗಳ ಸಂತೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿದೆ.