ನೆಲದಡಿಯ ಪಾಯ ಎಲಿವೇಷನ್‌ನಲ್ಲಿ ಕಾಣಬೇಕೇ?

ಪ್ರಶ್ನೆ: ಕಂಪ್ಯೂಟರಿನಲ್ಲಿ ಮನೆಯ ನಕ್ಷೆ ಬರೆದೆ. ಎಲಿವೇಷನ್‌ನಲ್ಲಿ ಪಾಯ ಕಾಣುತ್ತಿಲ್ಲ. ತೋರಿಸುವುದು ಹೇಗೆ?

ಉತ್ತರ: ಎಲಿವೇಷನ್ ಎಂದರೆ ಹೊರಗೆ ನಿಂತವರಿಗೆ ಕಾಣುವ ನೋಟ, ಪಾಯವನ್ನು ಮಣ್ಣು ಮುಚ್ಚಿರುತ್ತದೆ. ಹೀಗೆ ಮರೆಯಾದದ್ದನ್ನು ತುಂಡುಗೆರೆಯಲ್ಲಿ ತೋರಿಸುವುದು ರೂಢಿ. ನೆಲಮಟ್ಟಕ್ಕೆ ದಪ್ಪನೆಯ ಅಖಂಡ ಗೆರೆ, ಅದರಡಿ ಪಾಯದ ಗೋಡೆಗೂ ಅದರ ತಳದ ಫುಟಿಂಗಿಗೂ ತೆಳ್ಳನೆಯ ತುಂಡುಗೆರೆ. ತಂತ್ರಾಂಶದಲ್ಲಿ ಆ ಒಂದು ನೋಟಕ್ಕೆ ಮಾತ್ರ ನೆಲದ ಪದರವನ್ನು ಮರೆಮಾಡಿ, ಪಾಯದ ಗೆರೆಯ ಬಗೆ ಬದಲಿಸಿ. ಆಟೋಕ್ಯಾಡ್‌ನಲ್ಲಿ ಬದಲಿಸಿದ ಮೇಲೂ ಗೆರೆ ಅಖಂಡವಾಗಿಯೇ ಕಂಡರೆ ತುಂಡುಗಳ ಅಳತೆ ನಿರ್ಧರಿಸುವ ‘ಎಲ್‌ಟಿಸ್ಕೇಲ್’ ಬೆಲೆ ಸರಿಪಡಿಸಿ.

ಸಮತಟ್ಟು ನಿವೇಶನಕ್ಕೆ ಇದು ಅಷ್ಟೇನೂ ಮುಖ್ಯವಲ್ಲ, ಕಟ್ಟಡವನ್ನು ಸೀಳಿದಂತೆ ತೋರಿಸುವ ಸೆಕ್ಷನ್ ಸಾಕು. ಆದರೆ ಮಡಿಕೇರಿಯಂಥ ಇಳಿಜಾರಿನಲ್ಲಿ ಖಂಡಿತ ತೋರಿಸಿ. ಅಲ್ಲಿ ಫುಟಿಂಗ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಯಾವ ಮೆಟ್ಟಿಲು ಎಲ್ಲಿ ಬರುತ್ತದೆಂಬುದು ಮೇಸ್ತ್ರಿಗೆ ಎಲಿವೇಷನ್‌ನಲ್ಲೇ ಒಂದೇ ನೋಟಕ್ಕೆ ತಿಳಿಯುತ್ತದೆ. ಆಳದ ಅಳತೆಯನ್ನು ಮಾತ್ರ ಸೆಕ್ಷನ್‌ನಲ್ಲೇ ಬರೆಯಿರಿ.