ಬ್ರೌನ್ ಬ್ರೆಡ್ಡೆಲ್ಲ ಗೋಧಿ ಬ್ರೆಡ್ಡಲ್ಲ



ಆಳಂದ, ಅಫಜಲಪುರ, ಜೇವರ್ಗಿ ಸಂಘಗಳ ಸಭೆಯಲ್ಲಿ ನಾವು ಈ ಮಾತು ಮತ್ತೆ ಮತ್ತೆ ಕೇಳುತ್ತೇವೆ: "ಸಿಸ್ಟರ್, ಮನ್ಯಾಗ ಶುಗರ್ ಅದ, ಅದಕ್ಕ ಬ್ರೌನ್ ಬ್ರೆಡ್ ತರ್ತೀವಿ." ಹೆಚ್ಚು ರೊಕ್ಕ ಕೊಟ್ಟು ತರುವ ಆ ಬ್ರೆಡ್ಡಿನಲ್ಲಿ ಎಷ್ಟೋ ಸಲ ಮೈದಾನೇ ಜಾಸ್ತಿ ಇರ್ತದ. ಬಣ್ಣ ಮಾತ್ರ ಕ್ಯಾರಮೆಲ್‌ದು. ಪ್ಯಾಕೆಟ್ ಮೇಲೆ 150 ಅಂತ ನಂಬರ್ ಇದ್ದರೆ ಅದೇ.

ಮುಂದಿನ ದೊಡ್ಡ ಹೆಸರು ಬಿಡಿ, ಹಿಂದಿನ ಸಣ್ಣ ಅಕ್ಷರ ನೋಡಿ. ತೂಕದಲ್ಲಿ ಯಾವುದು ಹೆಚ್ಚೋ ಅದನ್ನೇ ಮೊದಲು ಬರೆಯಬೇಕು ಎಂದು ನಿಯಮವಿದೆ. ಮೊದಲು 'ಹೋಲ್ ವೀಟ್ ಫ್ಲೋರ್' ಅಥವಾ 'ಆಟಾ' ಇದ್ದರೆ ಸರಿ. 'ರಿಫೈನ್ಡ್ ವೀಟ್ ಫ್ಲೋರ್' ಇದ್ದರೆ ಅದು ಮೈದಾ. ಇಂಗ್ಲಿಷ್ ಬಾರದಿದ್ದರೆ ಸಾಲಿಗೆ ಹೋಗುವ ಮಗಳ ಕೈಲಿ ಓದಿಸಿ.

100 ಗ್ರಾಂ ಗೋಧಿ ಹಿಟ್ಟಿನಲ್ಲಿ ನಾರು ಸುಮಾರು 11 ಗ್ರಾಂ, ಮೈದಾದಲ್ಲಿ 3ರ ಒಳಗೇ. ನಮ್ಮ ಜೋಳದಲ್ಲಿ 10, ಹಾಗಾಗಿ ದಿನದ ಊಟಕ್ಕೆ ರೊಟ್ಟಿ ಬಿಡುವ ಕಾರಣವೇ ಇಲ್ಲ. ಶುಗರ್ ಇದ್ದವರು ಇದನ್ನೂ ತಿಳಿದಿರಬೇಕು: ನುಣ್ಣಗೆ ಬೀಸಿದ ಗೋಧಿ ಹಿಟ್ಟಿನ ಬ್ರೆಡ್ ಕೂಡ ಸಕ್ಕರೆ ಏರಿಸುವುದರಲ್ಲಿ ಬಿಳಿ ಬ್ರೆಡ್ಡಿಗಿಂತ ಬಹಳ ಹಿಂದಿಲ್ಲ. ಹೋಳು ಎಣಿಸಿಯೇ ತಿನ್ನಿ.

ರುಚಿಯ ಮಾತು ಬಂದರೆ, ನಿಜವಾದ ಗೋಧಿ ಬ್ರೆಡ್ ಹತ್ತಿಯಂಗ ಮೆತ್ತಗ ಇರಲ್ಲ, ಒಂಚೂರು ತರಿತರಿ. ಮಕ್ಕಳು ಮೂಗು ಮುರಿದರೆ ತವಾ ಮೇಲೆ ಬಿಸಿ ಮಾಡಿ, ಶೇಂಗಾ ಹಿಂಡಿಗೆ ಮೊಸರು ಕಲಸಿ ಹಚ್ಚಿಕೊಡಿ.

ತಯಾರಿಸಿದ ತಾರೀಖು ನೋಡಿಯೇ ಕೊಳ್ಳಿ. ನಮ್ಮ ಬಿಸಿಲಿಗೆ ಬ್ರೆಡ್ ಬೇಗ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಎಳೆ ಕಣ್ಣಿಗೆ ಕಾಣದಂತೆ ಒಳಗೂ ಹಬ್ಬಿರುತ್ತದೆ. ಒಂದು ಹೋಳಿನಲ್ಲಿ ಕಂಡರೂ ಇಡೀ ಪ್ಯಾಕೆಟ್ ಚೆಲ್ಲಿಬಿಡಿ.